ಸವಾಲು ಎಂದರೆ ಕೇಳುವುದು: ಅಣಕು ನ್ಯಾಯಾಲಯದಲ್ಲಿ ನ್ಯಾಯಪೀಠದ ಪ್ರಶ್ನೆಗಳು

(ಸ್ನಾತಕೋತ್ತರ ವಿದ್ಯಾರ್ಥಿಗಳ ಆನ್‌ಲೈನ್ ವಿಚಾರ ಸಂಕಿರಣದಲ್ಲಿ ಮಂಡಿಸಿದ ಮಾತಿನ ಬರಹ ರೂಪ. ಮಾತಿನ ಧಾಟಿಯನ್ನು ಅಲ್ಲಲ್ಲಿ ಹಾಗೆಯೇ ಉಳಿಸಿಕೊಳ್ಳಲಾಗಿದೆ. ಕೊನೆಯಲ್ಲಿ ಚರ್ಚೆಯ ಆಯ್ದ ಭಾಗವಿದೆ.)

ನನ್ನ ದನಿ ಕೇಳಿಸ್ತಾ ಇದೆ ಅಂದ್ಕೊಂಡಿದೀನಿ. ನಾನು ಮಾತಾಡ್ತಿರೋದು ಗೋವಾದ ಸಡಾದಿಂದ. ವಾಸ್ಕೋ ಪಕ್ಕ, ಮುರಗಾಂವ್ ಬಂದರಿನ ಮೇಲಿನ ಗುಡ್ಡ ಇದು. ಮಳೆ ಜೋರಾದರೆ ಇಲ್ಲಿ ನೆಟ್‌ವರ್ಕ್ ಹೋಗುತ್ತೆ, ಮಧ್ಯೆ ನಿಂತರೆ ಕ್ಷಮಿಸಿ.

ಕನ್ನಡ ಎಂ.ಎ. ಓದುವವಳು ಕಾನೂನು ಕಾಲೇಜಿನ ವಿಷಯ ಯಾಕೆ ಎತ್ತಿಕೊಂಡಳು ಅಂತ ನಿಮಗೆ ಅನ್ನಿಸಬಹುದು. ಕಾರಣ ನಮ್ಮ ಮನೆಯಲ್ಲೇ ಇದೆ. ನನ್ನ ಚಿಕ್ಕಪ್ಪನ ಮಗಳು ಕಾನೂನು ಓದುತ್ತಿದ್ದಾಳೆ. ಕಳೆದ ಮಳೆಗಾಲದಲ್ಲಿ ಅವಳು ಒಂದು ಅಣಕು ನ್ಯಾಯಾಲಯ ಸ್ಪರ್ಧೆಗೆ ತಯಾರಿ ಮಾಡುವಾಗ ನನ್ನನ್ನು ನ್ಯಾಯಾಧೀಶೆಯಾಗಿ ಕೂರಿಸಿದಳು. "ಅಕ್ಕಾ, ನೀ ಸುಮ್ನ ಏನರ ಕೇಳ್ತಾ ಹೋಗು, ನಾ ಹೇಳ್ತೀನಿ" ಅಂದಳು. ಏನು ಕೇಳಬೇಕು ಅಂತ ನನಗೆ ತಿಳಿಯಲಿಲ್ಲ. ಪ್ರಶ್ನೆ ಕೇಳುವುದೂ ಒಂದು ವಿದ್ಯೆ ಅಂತ ಅವತ್ತು ಗೊತ್ತಾಯಿತು. ಆಮೇಲೆ ಅವಳ ಸ್ಪರ್ಧೆ ನೋಡಿದೆ, ತೀರ್ಪುಗಳನ್ನು ಓದಿದೆ, ಅವಳ ಜೊತೆ ಜಗಳವಾಡಿದೆ. ಅದರಿಂದ ಹುಟ್ಟಿದ್ದು ಈ ಬರಹ. ನಾನು ಹೇಳಬೇಕಿರುವುದು ಒಂದೇ ಮಾತು: ನ್ಯಾಯಪೀಠದ ಪ್ರಶ್ನೆಯನ್ನು ವಿದ್ಯಾರ್ಥಿಗಳು ಸವಾಲು ಅಂತ ಕೇಳಿಸಿಕೊಳ್ಳುತ್ತಾರೆ, ಆದರೆ ಅದು ಬಹುತೇಕ ಸಲ ನಿಜವಾಗಿಯೂ ಪ್ರಶ್ನೆಯೇ ಆಗಿರುತ್ತದೆ.

1. ಅಣಕು ನ್ಯಾಯಾಲಯ ಎಂದರೆ

ಗೊತ್ತಿಲ್ಲದವರಿಗಾಗಿ ಮೊದಲು ವ್ಯವಸ್ಥೆಯನ್ನು ಹೇಳುತ್ತೇನೆ. ಸ್ಪರ್ಧೆಗೆ ಒಂದು ಕಲ್ಪಿತ ಪ್ರಕರಣವನ್ನು ಕೊಡುತ್ತಾರೆ. ಕಲ್ಪಿತ ದೇಶ, ಕಲ್ಪಿತ ಕಾನೂನು, ನಿಜದ ಹಾಗೇ ಇರುವ ಜಗಳ. ಪ್ರತಿ ತಂಡವೂ ಎರಡೂ ಪಕ್ಷಗಳ ಪರವಾಗಿ ಲಿಖಿತ ವಾದ ಬರೆಯಬೇಕು. ಇದಕ್ಕೆ ಮೆಮೋರಿಯಲ್ ಅನ್ನುತ್ತಾರೆ. ಆಮೇಲೆ ಇಬ್ಬರು ವಿದ್ಯಾರ್ಥಿಗಳು ವಕೀಲರಾಗಿ ಪೀಠದ ಮುಂದೆ ನಿಂತು ವಾದ ಮಂಡಿಸುತ್ತಾರೆ, ಮೂರನೆಯವರು ಸಂಶೋಧಕರಾಗಿ ಪಕ್ಕದಲ್ಲಿ ಕೂತು ಚೀಟಿ ಕೊಡುತ್ತಿರುತ್ತಾರೆ. ಪೀಠದಲ್ಲಿ ಸಾಮಾನ್ಯವಾಗಿ ಇಬ್ಬರು ಅಥವಾ ಮೂವರು: ವಕೀಲರು, ಅಧ್ಯಾಪಕರು, ಕೆಲವೊಮ್ಮೆ ನಿಜವಾದ ನ್ಯಾಯಾಧೀಶರು. ಅವರ ಕೈಯಲ್ಲಿ ಎರಡೂ ಕಡೆಯ ವಾದಾಂಶಗಳ ಟಿಪ್ಪಣಿ ಇರುತ್ತದೆ. ವಾದ ಮಂಡನೆಗೆ ಸಮಯ ಕಟ್ಟುನಿಟ್ಟು, ಪ್ರಶ್ನೆಗಳಿಗೂ ಅದೇ ಸಮಯದೊಳಗೆ ಉತ್ತರಿಸಬೇಕು.

ಇದು ಆಸಕ್ತರು ಮಾತ್ರ ಆಡುವ ಆಟ ಅಲ್ಲ. ಭಾರತೀಯ ವಕೀಲರ ಪರಿಷತ್ತಿನ 2008ರ ಕಾನೂನು ಶಿಕ್ಷಣ ನಿಯಮಗಳ ಪ್ರಕಾರ ಪ್ರತಿ ಕಾನೂನು ವಿದ್ಯಾರ್ಥಿಯೂ ಕನಿಷ್ಠ ಮೂರು ಅಣಕು ನ್ಯಾಯಾಲಯಗಳಲ್ಲಿ ಭಾಗವಹಿಸಬೇಕು. ಒಂದೊಂದಕ್ಕೆ 10 ಅಂಕ; ಅದರಲ್ಲಿ 5 ಬರಹಕ್ಕೆ, 5 ಮೌಖಿಕ ವಾದಕ್ಕೆ. ಇನ್ನೊಂದು ತುದಿಯಲ್ಲಿ ಜೆಸ್ಸಪ್‌ನಂತಹ ಅಂತರರಾಷ್ಟ್ರೀಯ ಸ್ಪರ್ಧೆಗಳಿವೆ. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್ ತಂಡ ಅದನ್ನು 1999ರಲ್ಲೂ 2013ರಲ್ಲೂ ಗೆದ್ದಿದೆ. 5 ಅಂಕದ ವಾದವೇ ಇರಲಿ, ಜೆಸ್ಸಪ್‌ನ ಅಂತಿಮ ಸುತ್ತೇ ಇರಲಿ, ಓದಿಕೊಂಡು ಬಂದ ಭಾಷಣಕ್ಕೆ ಹೆಚ್ಚು ಬೆಲೆ ಇಲ್ಲ. ಪೀಠ ನಡುವೆ ಬಾಯಿ ಹಾಕಿದಾಗ ಏನಾಗುತ್ತದೆ ಅನ್ನುವುದರ ಮೇಲೆ ಬೆಲೆ ಕಟ್ಟುತ್ತಾರೆ.

ಹೆಸರಿನ ಬಗ್ಗೆ ಒಂದು ಮಾತು. ಮೂಟ್ ಎಂಬ ಹಳೆಯ ಇಂಗ್ಲಿಷ್ ಪದಕ್ಕೆ ಸಭೆ ಎಂಬ ಅರ್ಥವಿತ್ತು. ಕನ್ನಡದಲ್ಲಿ ಅದು ಅಣಕು ಆಯಿತು. ನಮ್ಮಲ್ಲಿ ಅಣಕಿಸುವುದು ಅಂದರೆ ಗೇಲಿ ಮಾಡುವುದು. ಕೆಲವರು ಕಲ್ಪಿತ ನ್ಯಾಯಾಲಯ ಎಂದೂ ಬರೆಯುತ್ತಾರೆ. ಬಳಕೆಯಲ್ಲಿರುವುದು ಅಣಕು, ಹಾಗಾಗಿ ನಾನೂ ಅದನ್ನೇ ಬಳಸುತ್ತೇನೆ. ಆದರೆ ಅಲ್ಲಿ ನಿಂತವರಿಗೆ ಅದು ಅಣಕು ಅನ್ನಿಸುವುದಿಲ್ಲ.

2. ಸವಾಲು, ಜವಾಬು, ಪಾಟೀಸವಾಲು

ಸಡಾದಲ್ಲಿ ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳ ಕಡೆಯಿಂದ ದುಡಿಯಲು ಬಂದ ಕುಟುಂಬಗಳು ಬಹಳ ಇವೆ. ನಮ್ಮದೂ ವಿಜಯಪುರದ ಕಡೆ. ನಮ್ಮ ಅಜ್ಜಿಗೆ ಪ್ರಶ್ನೋತ್ತರ ಅಂದರೆ ಹರದೇಶಿ-ನಾಗೇಶಿ ಗೀಗೀ ಮೇಳ. ಹರದೇಶಿಯವರು ಗಂಡು ಹೆಚ್ಚು ಅಂತ ಹಾಡುತ್ತಾರೆ, ನಾಗೇಶಿಯವರು ಹೆಣ್ಣು ಹೆಚ್ಚು ಅಂತ ಹಾಡುತ್ತಾರೆ. ಒಬ್ಬರು ಹಾಡಿನಲ್ಲಿ ಸವಾಲು ಎಸೆದರೆ ಇನ್ನೊಬ್ಬರು ಹಾಡಿನಲ್ಲೇ ಜವಾಬು ಕೊಡಬೇಕು. ಕೊಡದಿದ್ದರೆ ಸೋತಂತೆ. ರಾತ್ರಿಯಿಡೀ ಇದು ನಡೆಯುತ್ತದೆ. ಅಲ್ಲಿ ಪ್ರಶ್ನೆ ಕೇಳುವವರು ಎದುರಾಳಿ.

ಸವಾಲು ಅರಬ್ಬೀ ಮೂಲದ ಮಾತು. ಪಾರಸಿ, ಉರ್ದುಗಳ ದಾರಿಯಲ್ಲಿ ನಮಗೆ ಬಂದದ್ದು. ಮೂಲದಲ್ಲಿ ಅದಕ್ಕೆ ಕೇಳುವುದು ಎಂಬ ಅರ್ಥ. ಬೇಡುವುದು ಎಂಬ ಅರ್ಥವೂ ಇದೆ. ಕನ್ನಡದಲ್ಲಿ ಅದು ಪಂಥಾಹ್ವಾನ ಆಗಿಬಿಟ್ಟಿದೆ. ಸವಾಲು ಹಾಕಿದ, ಸವಾಲು ಎದುರಿಸಿದ ಅಂತೀವಿ. ನ್ಯಾಯಾಲಯದಲ್ಲೂ ಈ ಮಾತಿದೆ. ಎದುರು ಪಕ್ಷದ ವಕೀಲರು ಸಾಕ್ಷಿಯನ್ನು ಕೆದಕಿ ಕೇಳುವುದು ಪಾಟೀಸವಾಲು. ಅಲ್ಲಿ ಕೇಳುವವರ ಉದ್ದೇಶವೇ ಸಾಕ್ಷಿಯನ್ನು ಅಲುಗಾಡಿಸುವುದು.

ವಿದ್ಯಾರ್ಥಿ ಪೀಠದ ಮುಂದೆ ನಿಂತಾಗ ಅವಳಿಗೆ ಗೊತ್ತಿರುವ ಮಾದರಿಗಳು ಇವೇ: ಗೀಗೀ ಮೇಳದ ಸವಾಲು, ಸಿನಿಮಾದಲ್ಲಿ ನೋಡಿದ ಪಾಟೀಸವಾಲು, ಕಾಲೇಜಿನ ವೈವಾ. ಮೂರರಲ್ಲೂ ಪ್ರಶ್ನೆ ಕೇಳುವವರು ನಿಮ್ಮ ತಪ್ಪನ್ನು ಹುಡುಕುತ್ತಿರುತ್ತಾರೆ. ನ್ಯಾಯಪೀಠದ ಸ್ಥಿತಿ ಬೇರೆ. ಅವರಿಗೆ ಕೊನೆಗೆ ಒಂದು ತೀರ್ಪು ಬರೆಯಬೇಕಿದೆ. ನಿಮ್ಮ ಕಡೆ ಬರೆದರೆ ಎದುರು ಪಕ್ಷ ಎಲ್ಲೆಲ್ಲಿ ಆಕ್ಷೇಪಿಸುತ್ತದೆ, ನಾಳೆ ಬೇರೆ ಪ್ರಕರಣಕ್ಕೆ ಈ ತೀರ್ಪು ಹೇಗೆ ಅಡ್ಡ ಬರುತ್ತದೆ, ಇದು ಅವರ ತಲೆಬಿಸಿ. ಆ ತಲೆಬಿಸಿಯನ್ನೇ ನಿಮ್ಮ ಮುಂದೆ ಇಡುತ್ತಾರೆ.

ಇದು ನನಗೆ ಹೊಳೆದದ್ದು ಪುಸ್ತಕದಿಂದ ಅಲ್ಲ, ನಮ್ಮ ಓಣಿಯ ಹಿರಿಯರೊಬ್ಬರಿಂದ. ಬಂದರಿನಲ್ಲಿ ಹಮಾಲಿ ಮಾಡಿ ವಯಸ್ಸಾದವರು. ನಾವು ಮಾವ ಅಂತ ಕರೆಯುತ್ತೇವೆ. ತಂಗಿಗೆ ಬಂದಿದ್ದ ಕಲ್ಪಿತ ಪ್ರಕರಣ ಹೀಗಿತ್ತು: ಬಂದರಿನ ಪಕ್ಕದ ಸರ್ಕಾರಿ ಜಾಗದಲ್ಲಿ ಮೂವತ್ತು ವರ್ಷದಿಂದ ಇರುವ ಕೂಲಿಕಾರರ ಮನೆಗಳನ್ನು ನೋಟಿಸು ಇಲ್ಲದೆ ತೆರವು ಮಾಡಲು ಆದೇಶವಾಗಿದೆ, ನಿವಾಸಿಗಳು ಸುಪ್ರೀಂ ಕೋರ್ಟಿಗೆ ಬಂದಿದ್ದಾರೆ. ಅವಳು ನಿವಾಸಿಗಳ ಪರ. ನಾನು ಪೀಠದಲ್ಲಿ ಕೂತು ಏನೂ ತೋಚದೆ ಇದ್ದಾಗ, ಬಾಗಿಲಲ್ಲಿ ಕೂತಿದ್ದ ಮಾವ ಕೇಳಿದರು:

"ಅಲ್ಲವ್ವಾ ತಂಗಿ, ಜಾಗ ಸರ್ಕಾರದ್ದು ಅಂತ ನೀನೂ ಬರದೀದಿ. ಮತ್ತ ಅವರು ಏಳ್ರಿ ಅಂದ್ರ ಏಳಬೇಕಲ್ಲ?"

ಅವಳಿಗೆ ಸಿಟ್ಟು ಬಂತು. "ಮಾವ, ನೀವು ಯಾರ ಕಡೆ?"

"ನಾ ಯಾರ ಕಡೀನೂ ಅಲ್ಲ. ನಿನ್ನ ಮಾತು ಕೇಳಿ ಅವರಿಗೆ ಏನ ಹೇಳಬೇಕು ಅಂತ ತಿಳೀಲಿಲ್ಲ. ಅದಕ್ಕ ಕೇಳಿದೆ."

ನ್ಯಾಯಪೀಠ ಪ್ರಶ್ನೆ ಕೇಳುವುದು ಯಾಕೆ ಅನ್ನುವುದಕ್ಕೆ ಇದಕ್ಕಿಂತ ಸರಳ ವಿವರಣೆ ನನಗೆ ಸಿಕ್ಕಿಲ್ಲ.

3. ಪೀಠ ಕೇಳುವ ಪ್ರಶ್ನೆಗಳ ಬಗೆಗಳು

ನಾನು ಕೂತು ನೋಡಿದ ಸುತ್ತುಗಳಲ್ಲಿ ಬರೆದುಕೊಂಡ ಪ್ರಶ್ನೆಗಳನ್ನು ಆರು ಗುಂಪು ಮಾಡಿದ್ದೇನೆ. ಇದು ನನ್ನ ವಿಂಗಡಣೆ, ಯಾರ ಸೂತ್ರವೂ ಅಲ್ಲ. ವಾದ ನಡೆದದ್ದು ಇಂಗ್ಲಿಷಿನಲ್ಲಿ, ಇಲ್ಲಿ ಕನ್ನಡದಲ್ಲಿ ಕೊಡುತ್ತಿದ್ದೇನೆ.

ಮೊದಲನೆಯದು ಸಂಗತಿಯ ಪ್ರಶ್ನೆ. "ನೋಟಿಸು ಕೊಟ್ಟಿಲ್ಲ ಅಂತ ಪ್ರಕರಣದ ಯಾವ ಪ್ಯಾರಾದಲ್ಲಿದೆ?" ಉತ್ತರ ಒಂದು ಸಂಖ್ಯೆ ಅಷ್ಟೇ. ಆದರೆ ಬಹಳ ಜನ ಸಂಖ್ಯೆ ಹೇಳುವ ಬದಲು ನೋಟಿಸಿನ ಮಹತ್ವದ ಮೇಲೆ ಭಾಷಣ ಶುರು ಮಾಡುತ್ತಾರೆ. ಪ್ರಕರಣದಲ್ಲಿ ಇಲ್ಲದ ಸಂಗತಿಯನ್ನು ಸೇರಿಸುವುದು ಇನ್ನೂ ದೊಡ್ಡ ತಪ್ಪು.

ಎರಡನೆಯದು ಬಾಗಿಲ ಪ್ರಶ್ನೆ. "ಹೈಕೋರ್ಟಿಗೆ 226ನೇ ವಿಧಿಯಡಿ ಹೋಗಬಹುದಿತ್ತು. 32ನೇ ವಿಧಿ ಹಿಡಿದು ನೇರ ಇಲ್ಲಿಗೇ ಯಾಕೆ ಬಂದಿರಿ?" ವಿಷಯಕ್ಕೆ ಹೋಗುವ ಮೊದಲು ತಮಗೆ ಇದನ್ನು ಕೇಳುವ ಅಧಿಕಾರ ಇದೆಯೇ ಎಂದು ಪೀಠ ನೋಡಿಕೊಳ್ಳುತ್ತದೆ. ಮನೆ ಒಡೆಯುವ ಮಾತಾಡಲು ಬಂದವಳಿಗೆ ಇದು ತಾಂತ್ರಿಕ ಕಿರಿಕಿರಿ ಅನ್ನಿಸುತ್ತದೆ. ಆದರೆ ಬಾಗಿಲು ತೆರೆಯದೆ ಒಳಗೆ ಹೋಗಲು ಆಗುವುದಿಲ್ಲ.

ಮೂರನೆಯದು ಪೂರ್ವನಿರ್ಣಯದ ಪ್ರಶ್ನೆ. ನೀವು ಒಂದು ಹಳೆಯ ತೀರ್ಪನ್ನು ಹೆಸರಿಸಿದ ಕೂಡಲೇ "ಎಷ್ಟು ನ್ಯಾಯಾಧೀಶರ ಪೀಠ? ಅದರ ಸಂಗತಿಗಳೇನು? ನೀವು ಹೇಳುತ್ತಿರುವ ಸಾಲು ತೀರ್ಪಿನ ತಿರುಳೋ, ಹೋಗುತ್ತಾ ಹೇಳಿದ ಮಾತೋ?" ಸಾಹಿತ್ಯದ ವಿದ್ಯಾರ್ಥಿಗಳಾದ ನಮಗೆ ಇದು ಪರಿಚಿತ. ವಚನದ ಒಂದು ಸಾಲನ್ನು ಕಿತ್ತು ಭಾಷಣಕ್ಕೆ ಬಳಸುವವರನ್ನು ನಾವೂ ಹೀಗೇ ಕೇಳಬೇಕು: ಪೂರ್ತಿ ವಚನ ಓದಿದೀರಾ?

ನಾಲ್ಕನೆಯದು ಊಹೆಯ ಪ್ರಶ್ನೆ. "ನಿಮ್ಮ ವಾದ ಒಪ್ಪಿದೆವು ಅಂತಿಟ್ಟುಕೊಳ್ಳಿ. ನಾಳೆ ಒಬ್ಬ ಶ್ರೀಮಂತ ಅದೇ ಜಾಗದಲ್ಲಿ ಹೋಟೆಲು ಕಟ್ಟಿ ಇದೇ ಹಕ್ಕು ಕೇಳಿದರೆ?" ನೀವು ಹೇಳಿದ ನಿಯಮ ಎಲ್ಲಿ ನಿಲ್ಲುತ್ತದೆ ಅಂತ ಪೀಠ ಅಳೆಯುತ್ತಿದೆ. "ಅದು ಈ ಪ್ರಕರಣದ ಸಂಗತಿ ಅಲ್ಲ" ಅಂತ ತಳ್ಳಿಹಾಕುವುದು ಉತ್ತರವಲ್ಲ. ಸಂಗತಿ ಅಲ್ಲ ಅಂತ ಅವರಿಗೂ ಗೊತ್ತು, ಅದಕ್ಕೇ ಊಹೆ ಅನ್ನುವುದು. ಅವನಿಗೂ ಇವರಿಗೂ ಏನು ವ್ಯತ್ಯಾಸ ಅಂತ ಹೇಳಬೇಕು.

ಐದನೆಯದು ಒಪ್ಪಿಗೆ ಕೇಳುವ ಪ್ರಶ್ನೆ. "ಇಷ್ಟನ್ನು ನೀವು ಒಪ್ಪುತ್ತೀರಿ ತಾನೇ?" ಇದಕ್ಕೆ ಮುಂದೆ ಬರುತ್ತೇನೆ.

ಆರನೆಯದು ಆಸರೆಯ ಪ್ರಶ್ನೆ. ಪೀಠದಲ್ಲಿರುವ ಒಬ್ಬರು ನಿಮ್ಮ ವಾದದ ಕೊಂಡಿ ಬಿಟ್ಟುಹೋಗಿರುವುದನ್ನು ನೋಡಿ ತಾವೇ ಎತ್ತಿ ಕೊಡುತ್ತಾರೆ: "ಅಂದರೆ ನಿಮ್ಮ ತಕರಾರು ತೆರವಿನ ಬಗ್ಗೆ ಅಲ್ಲ, ತೆರವು ಮಾಡಿದ ರೀತಿಯ ಬಗ್ಗೆ, ಅಲ್ಲವೇ?" ಪ್ರಶ್ನೆ ಅಂದರೆ ಬಲೆ ಅಂತ ನಂಬಿದ ವಿದ್ಯಾರ್ಥಿ ಹೆದರಿ "ಇಲ್ಲ, ಮಾನ್ಯರೇ" ಅಂದುಬಿಡುತ್ತಾಳೆ. ಒಂದೇ ದಿನದಲ್ಲಿ ಮೂರು ಸಲ ನಾನಿದನ್ನು ನೋಡಿದೆ. ಕೈ ಕೊಟ್ಟವರ ಕೈಯನ್ನೇ ತಳ್ಳಿದ ಹಾಗೆ.

ಏನೂ ಕೇಳದ ಪೀಠವೂ ಉಂಟು. ವಿದ್ಯಾರ್ಥಿಗಳು ಅದನ್ನು ಅದೃಷ್ಟ ಅಂದ್ಕೋತಾರೆ. ನಿಜಕ್ಕೂ ಅದು ಕಷ್ಟದ್ದು: ಪೀಠಕ್ಕೆ ಎಲ್ಲಿ ಅನುಮಾನ ಇದೆ ಅಂತ ಗೊತ್ತಾಗದೆ ಕತ್ತಲಲ್ಲಿ ಮಾತಾಡಿದ ಹಾಗೆ.

4. ಒಂದು ಊಹೆಯ ಪ್ರಶ್ನೆ ಮಾಡಿದ ಕೆಲಸ

ಊಹೆಯ ಪ್ರಶ್ನೆ ಬರೀ ಸ್ಪರ್ಧೆಯ ಕಸರತ್ತು ಅಂತ ಅನ್ನಿಸಿದರೆ ಒಂದು ನಿಜವಾದ ವಿಚಾರಣೆಯನ್ನು ನೆನೆಯಬೇಕು. ತುರ್ತು ಪರಿಸ್ಥಿತಿ ಬಂದಾಗ, 1975ರ ಜೂನ್ 26ರಂದು ವಾಜಪೇಯಿ, ಅಡ್ವಾಣಿ ಮೊದಲಾದವರು ಬೆಂಗಳೂರಿನಲ್ಲಿದ್ದರು, ಅಲ್ಲೇ ಬಂಧನವಾಯಿತು. ಅವರ ಅರ್ಜಿಗಳು ಕರ್ನಾಟಕ ಹೈಕೋರ್ಟಿಗೆ ಬಂದವು. ಬೇರೆ ರಾಜ್ಯಗಳ ಹೈಕೋರ್ಟುಗಳಲ್ಲೂ ಇಂಥ ಅರ್ಜಿಗಳಿದ್ದವು. ಬಂಧಿತರು ನ್ಯಾಯಾಲಯದ ಕದ ತಟ್ಟಬಹುದೇ ಎಂಬ ಪ್ರಶ್ನೆ ಕೊನೆಗೆ ಸುಪ್ರೀಂ ಕೋರ್ಟಿನ ಐವರ ಪೀಠಕ್ಕೆ ಹೋಯಿತು. ಕಾನೂನು ವಿದ್ಯಾರ್ಥಿಗಳು ಇದನ್ನು ಎ.ಡಿ.ಎಂ. ಜಬಲ್‌ಪುರ ಪ್ರಕರಣ ಎಂದು ಓದುತ್ತಾರೆ.

ಸರ್ಕಾರದ ಪರ ಅಟಾರ್ನಿ ಜನರಲ್ ನಿರೇನ್ ಡೇ ವಾದಿಸುತ್ತಿದ್ದರು. 21ನೇ ವಿಧಿಯ ಹಕ್ಕು ಅಮಾನತಿನಲ್ಲಿರುವಾಗ ಅರ್ಜಿಯೇ ನಿಲ್ಲದು ಎಂಬುದು ಅವರ ವಾದ. ನ್ಯಾಯಮೂರ್ತಿ ಎಚ್.ಆರ್. ಖನ್ನಾ ಒಂದು ಊಹೆಯನ್ನು ಮುಂದಿಟ್ಟರು: ಆ ವಿಧಿಯಲ್ಲಿ ಸ್ವಾತಂತ್ರ್ಯದ ಜೊತೆಗೆ ಜೀವವೂ ಇದೆ, ಒಬ್ಬ ಪೊಲೀಸ್ ಅಧಿಕಾರಿ ವೈಯಕ್ತಿಕ ದ್ವೇಷದಿಂದ ನಿರಪರಾಧಿಯನ್ನು ಕೊಂದರೆ ಆಗಲೂ ಪರಿಹಾರ ಇಲ್ಲವೇ? ತಮ್ಮ ವಾದದ ಪ್ರಕಾರ ತುರ್ತು ಪರಿಸ್ಥಿತಿ ಇರುವತನಕ ಇಲ್ಲ ಎಂದು ಡೇ ಒಪ್ಪಿಕೊಳ್ಳಬೇಕಾಯಿತು.

ಆ ಒಂದು ಪ್ರಶ್ನೆ ವಾದದ ತುದಿ ಎಲ್ಲಿಗೆ ಮುಟ್ಟುತ್ತದೆ ಅಂತ ತೋರಿಸಿಬಿಟ್ಟಿತು. ಆದರೂ 1976ರ ಏಪ್ರಿಲ್ 28ರಂದು ನಾಲ್ವರು ಸರ್ಕಾರದ ಪರ ತೀರ್ಪು ಕೊಟ್ಟರು; ಖನ್ನಾ ಒಬ್ಬರೇ ಭಿನ್ನಮತ ಬರೆದರು. ಪ್ರಶ್ನೆ ಗೆಲ್ಲಲಿಲ್ಲ, ಉಳಿಯಿತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯ ಮೇಲೆ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನದ ತೀರ್ಪು ಕೊಟ್ಟಾಗ, ಜಬಲ್‌ಪುರ ಪ್ರಕರಣದ ಬಹುಮತದ ನಿಲುವನ್ನು ತಳ್ಳಿಹಾಕಿತು.

5. ಒಪ್ಪುವ ಕಷ್ಟ

ಈಗ ಐದನೆಯ ಬಗೆಗೆ ಬರುತ್ತೇನೆ. ತಂಗಿಯ ಮೊದಲ ಸುತ್ತಿನಲ್ಲಿ ಪೀಠದ ಮಧ್ಯದಲ್ಲಿದ್ದವರು ಕೇಳಿದ್ದು ಮಾವ ಕೇಳಿದ್ದನ್ನೇ: "ಈ ಜಾಗದ ಮೇಲೆ ನಿಮ್ಮ ಕಕ್ಷಿದಾರರಿಗೆ ಯಾವ ಮಾಲೀಕತ್ವವೂ ಇಲ್ಲ ಎಂದು ಒಪ್ಪುತ್ತೀರಾ?"

ಅವಳು ಒಪ್ಪಲಿಲ್ಲ. ಮೂವತ್ತು ವರ್ಷ ಇದ್ದಾರೆ ಅಂದಳು, ಕರೆಂಟು ಬಿಲ್ಲು ಕಟ್ಟಿದ್ದಾರೆ ಅಂದಳು, ಮತದಾರರ ಪಟ್ಟಿಯಲ್ಲಿದ್ದಾರೆ ಅಂದಳು. ಪಕ್ಕದವರು ಅವಳದೇ ಮೆಮೋರಿಯಲ್ ತೆರೆದು, ಜಾಗ ಸರ್ಕಾರದ್ದು ಎಂದು ಅವಳೇ ಬರೆದ ಸಾಲನ್ನು ಓದಿದರು. ಅವಳ ಅರ್ಧ ಸಮಯ ಅಲ್ಲೇ ಹೋಯಿತು. ನೋಟಿಸಿನ ವಾದ, ಪುನರ್ವಸತಿಯ ವಾದ, ಅವಳ ಗಟ್ಟಿ ವಾದಗಳೆಲ್ಲ ಹಾಗೇ ಉಳಿದವು.

ಹೊರಗೆ ಬಂದ ಮೇಲೆ ನಾನು ಬೈದೆ. ಗೊತ್ತಿದ್ದೂ ಯಾಕೆ ಒಪ್ಪಲಿಲ್ಲ ಅಂತ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ಮನೀನೂ ಹಂಗೇ ಅಲ್ಲೇನಕ್ಕಾ? ಅಷ್ಟ್ ಮಂದಿ ಮುಂದ ಹೆಂಗ ಒಪ್ಪಲಿ?" ಅಂದಳು.

ನನಗೆ ಮಾತು ಬರಲಿಲ್ಲ. ನಮ್ಮ ಮನೆಗೆ ಕಾಗದ ಇಲ್ಲ ಅನ್ನುವುದು ನಮ್ಮಿಬ್ಬರಿಗೂ ಗೊತ್ತು. ಈ ಗುಡ್ಡದಿಂದ ಹೆಚ್ಚು ದೂರವಿಲ್ಲದ ಬೈನಾದಲ್ಲಿ 2004ರ ಜೂನ್‌ನಲ್ಲಿ, ಮಳೆಗಾಲ ಶುರುವಾಗುವ ಹೊತ್ತಿಗೆ, ಮನೆಗಳನ್ನು ಕೆಡವಿದ್ದನ್ನು ನಮ್ಮ ಮನೆಯವರು ಇವತ್ತಿಗೂ ನೆನೆಸುತ್ತಾರೆ. ಅಲ್ಲಿ ಇದ್ದವರಲ್ಲಿ ಕನ್ನಡದವರು ಬಹಳ. ಪೀಠಕ್ಕೆ ಕಲ್ಪಿತವಾಗಿದ್ದ ಪ್ರಕರಣ ಅವಳಿಗೆ ಕಲ್ಪಿತ ಆಗಿರಲಿಲ್ಲ. ಪೀಠ ಕಕ್ಷಿದಾರರ ಬಗ್ಗೆ ಕೇಳಿತು. ಅವಳಿಗೆ ಅದು ತನ್ನ ಅಪ್ಪ-ಅಮ್ಮನ ಬಗ್ಗೆ ಕೇಳಿದ ಹಾಗೆ ಕೇಳಿಸಿತು.

ಆ ರಾತ್ರಿ ನಾವಿಬ್ಬರೂ ಅವಳ ವಾದದ ಮುಖ್ಯ ಆಧಾರವಾಗಿದ್ದ ಓಲ್ಗಾ ಟೆಲ್ಲಿಸ್ ತೀರ್ಪನ್ನು ಮತ್ತೆ ಓದಿದೆವು. ಹಿನ್ನೆಲೆ ಇದು: 1981ರ ಜುಲೈ 13ರಂದು ಮಹಾರಾಷ್ಟ್ರದ ಮುಖ್ಯಮಂತ್ರಿ ಎ.ಆರ್. ಅಂತುಲೆ, ಮುಂಬಯಿಯ ಪಾದಚಾರಿ ದಾರಿಗಳಲ್ಲಿ ವಾಸಿಸುವವರನ್ನು ಎಬ್ಬಿಸಿ ಅವರವರ ಊರಿಗೆ ಕಳಿಸುವುದಾಗಿ ಘೋಷಿಸಿದರು. ಪತ್ರಕರ್ತೆ ಓಲ್ಗಾ ಟೆಲ್ಲಿಸ್ ಮತ್ತು ನಿವಾಸಿಗಳು ನ್ಯಾಯಾಲಯಕ್ಕೆ ಹೋದರು. ಮುಖ್ಯ ನ್ಯಾಯಮೂರ್ತಿ ವೈ.ವಿ. ಚಂದ್ರಚೂಡ್ ಅವರ ಐವರ ಪೀಠ 1985ರ ಜುಲೈ 10ರಂದು ತೀರ್ಪು ಕೊಟ್ಟಿತು. ಜಬಲ್‌ಪುರ ಪ್ರಕರಣದ ಬಹುಮತದಲ್ಲಿದ್ದವರೇ ಇವರು.

ಈ ಪ್ರಕರಣದ ನಡುವೆಯೇ ಒಂದು ಒಪ್ಪಿಗೆಯ ಕಥೆ ಇದೆ. ಬಾಂಬೆ ಹೈಕೋರ್ಟಿನಲ್ಲಿ ಅರ್ಜಿದಾರರ ಪರವಾಗಿ, ಪಾದಚಾರಿ ದಾರಿಯಲ್ಲಿ ಗುಡಿಸಲು ಹಾಕುವ ಮೂಲಭೂತ ಹಕ್ಕು ತಮಗಿಲ್ಲ ಎಂದು ಒಪ್ಪಲಾಗಿತ್ತು; 1981ರ ಅಕ್ಟೋಬರ್ 15ರ ನಂತರ ತೆರವಿಗೆ ಅಡ್ಡಿ ಮಾಡುವುದಿಲ್ಲ ಎಂದೂ ಹೇಳಲಾಗಿತ್ತು. ಹಾಗಿದ್ದ ಮೇಲೆ ಸುಪ್ರೀಂ ಕೋರ್ಟಿನಲ್ಲಿ ಮತ್ತೆ ಹಕ್ಕಿನ ಮಾತು ಎತ್ತಬಹುದೇ ಅಂತ ಎದುರು ಪಕ್ಷ ಆಕ್ಷೇಪಿಸಿತು. ಸಂವಿಧಾನಕ್ಕೆ ಎದುರಾಗಿ ಅಂಥ ತಡೆ ನಿಲ್ಲುವುದಿಲ್ಲ, ಮೂಲಭೂತ ಹಕ್ಕನ್ನು ಯಾರೂ ಬಿಟ್ಟುಕೊಡಲು ಆಗುವುದಿಲ್ಲ ಎಂದಿತು ಸುಪ್ರೀಂ ಕೋರ್ಟು. ಜೀವಿಸುವ ಹಕ್ಕಿನಲ್ಲಿ ಜೀವನೋಪಾಯದ ಹಕ್ಕೂ ಸೇರಿದೆ ಎಂಬ ಪ್ರಸಿದ್ಧ ಮಾತು ಅಲ್ಲಿಂದ ಬಂತು. ಜೊತೆಗೆ, ಪಾದಚಾರಿ ದಾರಿಯನ್ನು ಒತ್ತುವರಿ ಮಾಡುವ ಹಕ್ಕು ಯಾರಿಗೂ ಇಲ್ಲ ಎಂದೂ ಅದೇ ತೀರ್ಪು ಹೇಳಿತು. ಸಾಮಾನ್ಯವಾಗಿ ಅಹವಾಲು ಕೇಳಿಯೇ ತೆರವು ಮಾಡಬೇಕು ಎಂದಿತು, ಆ ವರ್ಷದ ಅಕ್ಟೋಬರ್ 31ರವರೆಗೆ, ಅಂದರೆ ಮಳೆಗಾಲ ಕಳೆಯುವತನಕ, ಎಬ್ಬಿಸಬಾರದು ಎಂದಿತು.

ಇದರಿಂದ ನಾವು ಕಲಿತದ್ದು ಎರಡು. ಜಾಗ ನಮ್ಮದಲ್ಲ ಎಂದು ಒಪ್ಪಿದರೂ ಬದುಕು ನಮ್ಮದಲ್ಲ ಎಂದು ಒಪ್ಪಿದ ಹಾಗಾಗುವುದಿಲ್ಲ. ಎರಡರ ನಡುವಿನ ಗೆರೆಯನ್ನು ಎಳೆಯುವುದೇ ವಕೀಲರ ಕೆಲಸ. ಇನ್ನೊಂದು, ಒಪ್ಪುವಾಗ ಎಲ್ಲಿಯವರೆಗೆ ಒಪ್ಪುತ್ತೇವೆ ಅಂತ ಅದೇ ಉಸಿರಿನಲ್ಲಿ ಹೇಳಬೇಕು. ಇಲ್ಲದಿದ್ದರೆ ಹೈಕೋರ್ಟಿನ ಆ ಒಪ್ಪಿಗೆಯ ಹಾಗೆ ಮುಂದೆ ಅದೇ ನಮ್ಮ ಕಾಲಿಗೆ ತೊಡರುತ್ತದೆ.

ಮರುದಿನದ ಸುತ್ತಿನಲ್ಲಿ ಬೇರೊಂದು ಪೀಠ ಅದೇ ಪ್ರಶ್ನೆ ಕೇಳಿತು. ಅವಳು ಒಂದು ಕ್ಷಣ ನಿಂತಳು. "ಒಪ್ಪುತ್ತೇವೆ, ಮಾನ್ಯರೇ. ಜಾಗ ಸರ್ಕಾರದ್ದು. ನಮ್ಮ ವಾದ ಜಾಗದ ಮೇಲೆ ನಿಂತಿಲ್ಲ. ಎಬ್ಬಿಸುವ ಮೊದಲು ಕೇಳಬೇಕಿತ್ತು, ಕೇಳಲಿಲ್ಲ; ಇದು ನಮ್ಮ ವಾದ." ಪ್ರಶ್ನೆ ಅಲ್ಲಿಗೆ ಮುಗಿಯಿತು. ಪೀಠ ತಲೆಯಾಡಿಸಿ ಮುಂದೆ ಹೋಗಿ ಅಂದಿತು. ಅವಳ ತಂಡ ಅಂತಿಮ ಸುತ್ತು ತಲುಪಲಿಲ್ಲ. ಆದರೆ ಆ ಉತ್ತರ ಹೇಳುವಾಗ ಅವಳ ದನಿ ನಡುಗಲಿಲ್ಲ.

6. ಅಲ್ಲಮನ ಮುಂದೆ ಅಕ್ಕ

ಗೀಗೀ ಮೇಳದ ಮಾದರಿ ಸರಿಹೊಂದದಿದ್ದರೆ ಕನ್ನಡದಲ್ಲಿ ಯಾವ ಮಾದರಿ ಇದೆ? ನನಗೆ ಹೊಳೆದದ್ದು ಹದಿನೈದನೆಯ ಶತಮಾನದಲ್ಲಿ ರೂಪುಗೊಂಡ ಶೂನ್ಯಸಂಪಾದನೆ. ಅನುಭವ ಮಂಟಪಕ್ಕೆ ಬಂದ ಮಹಾದೇವಿಯಕ್ಕನನ್ನು ಅಲ್ಲಮ ಸುಲಭವಾಗಿ ಒಳಗೆ ಬಿಡುವುದಿಲ್ಲ. ನಿನ್ನ ಪತಿ ಯಾರು ಅಂತ ಕೇಳುತ್ತಾನೆ. ಬಟ್ಟೆ ಬಿಟ್ಟವಳು ಕೂದಲನ್ನು ಯಾಕೆ ಮರೆ ಮಾಡಿಕೊಂಡೆ ಅಂತ ಕೇಳುತ್ತಾನೆ. ಅಕ್ಕ ಉತ್ತರಿಸಿದ ಹಾಗೆಲ್ಲ ಆ ಉತ್ತರದಿಂದಲೇ ಮುಂದಿನ ಪ್ರಶ್ನೆ ಹುಟ್ಟುತ್ತದೆ.

ಇಲ್ಲಿ ಅಲ್ಲಮ ಎದುರಾಳಿ ಅಲ್ಲ. ಅಕ್ಕ ಸೋತರೆ ಅವನಿಗೆ ಲಾಭವಿಲ್ಲ. ಸಭೆಯ ಮನಸ್ಸಿನಲ್ಲಿ ಇರಬಹುದಾದ ಅನುಮಾನವನ್ನು ಅವನು ಎಲ್ಲರೆದುರು ಬಾಯಿಬಿಟ್ಟು ಕೇಳುತ್ತಾನೆ, ಅವಳ ಉತ್ತರವೂ ಎಲ್ಲರೆದುರು ನಿಲ್ಲಲಿ ಅಂತ. ಕೊನೆಗೆ ಶರಣರು ಅವಳನ್ನು ಒಪ್ಪಿಕೊಳ್ಳುವುದಕ್ಕೆ ಆ ಪ್ರಶ್ನೆಗಳೇ ದಾರಿ ಮಾಡುತ್ತವೆ. ಒಳ್ಳೆಯ ನ್ಯಾಯಪೀಠವೂ ಇದನ್ನೇ ಮಾಡುತ್ತದೆ.

7. ಯಾವ ಭಾಷೆಯಲ್ಲಿ ಯೋಚಿಸುವುದು

ಸಂವಿಧಾನದ 348ನೇ ವಿಧಿಯ ಪ್ರಕಾರ ಸುಪ್ರೀಂ ಕೋರ್ಟು, ಹೈಕೋರ್ಟುಗಳ ಕಲಾಪದ ಭಾಷೆ ಮೂಲತಃ ಇಂಗ್ಲಿಷ್. ಅಣಕು ನ್ಯಾಯಾಲಯಗಳು ಬಹುತೇಕ ಅವನ್ನೇ ಅನುಸರಿಸುತ್ತವೆ. ಕರ್ನಾಟಕದ ಕೆಳ ನ್ಯಾಯಾಲಯಗಳಲ್ಲಿ ಕನ್ನಡ ನಡೆಯುತ್ತದೆ. ಗೋವಾದಲ್ಲಿ ಬೆಳೆದ ಕನ್ನಡದ ಹುಡುಗಿಗೆ ಮನೆಯಲ್ಲಿ ಕನ್ನಡ, ಓಣಿಯಲ್ಲಿ ಹಿಂದಿ-ಕೊಂಕಣಿ, ಪೀಠದ ಮುಂದೆ ಇಂಗ್ಲಿಷ್. ಕಂಠಪಾಠ ಮಾಡಿದ ಭಾಷಣ ಇಂಗ್ಲಿಷಿನಲ್ಲಿ ಸರಾಗವಾಗಿ ಬರುತ್ತದೆ. ಪ್ರಶ್ನೆ ಬಂದಾಗ ಮಾತ್ರ ಅವಳು ನಿಜವಾಗಿ ಯೋಚಿಸಬೇಕಾಗುತ್ತದೆ, ಆ ಯೋಚನೆ ಕನ್ನಡದಲ್ಲಿ ನಡೆಯುತ್ತದೆ. ಆ ಎರಡು ಸೆಕೆಂಡಿನ ಮೌನವನ್ನು ಪೀಠ ಅಜ್ಞಾನ ಅಂತ ಓದಬಾರದು. ವಿದ್ಯಾರ್ಥಿಯೂ ಅದನ್ನು ತುಂಬಲು ಅವಸರಪಡಬಾರದು.

ನಮ್ಮ ಅನುಭವದಲ್ಲಿ ಉಪಯೋಗವಾದದ್ದು ಇಷ್ಟೇ: ಪ್ರತಿ ವಾದವನ್ನೂ ಮೊದಲು ಕನ್ನಡದಲ್ಲಿ, ಕಾನೂನು ಓದದವರ ಮುಂದೆ ಹೇಳುವುದು. ಮಾವನಿಗೆ ಅರ್ಥ ಆಗದ ವಾದ ಅವಳಿಗೂ ಪೂರ್ತಿ ಅರ್ಥ ಆಗಿರಲಿಲ್ಲ ಅಂತ ಪ್ರತಿ ಸಲವೂ ಗೊತ್ತಾಯಿತು. ಸಂಬೋಧನೆಯ ಭಯವೂ ಬೇಡ. ವಕೀಲರ ಪರಿಷತ್ತು 2006ರಲ್ಲೇ ನಿಯಮ ಮಾಡಿ, ಮೇಲಿನ ನ್ಯಾಯಾಲಯಗಳಲ್ಲಿ ಯುವರ್ ಆನರ್ ಅಥವಾ ಆನರಬಲ್ ಕೋರ್ಟ್ ಸಾಕು, ಕೆಳ ನ್ಯಾಯಾಲಯಗಳಲ್ಲಿ ಸರ್ ಅಥವಾ ಆಯಾ ಭಾಷೆಯ ಸಮಾನ ಪದ ಬಳಸಬಹುದು ಎಂದಿತ್ತು. ಲಾರ್ಡ್‌ಶಿಪ್ ಬಾಯಿತಪ್ಪಿತು ಅಂತ ಗಾಬರಿಯಾಗಿ ವಾದ ಮರೆಯುವ ಅಗತ್ಯವಿಲ್ಲ.

8. ಚರ್ಚೆ (ಆಯ್ದ ಭಾಗ)

ಒಬ್ಬ ವಿದ್ಯಾರ್ಥಿ: ಉತ್ತರ ಗೊತ್ತೇ ಇಲ್ಲದಿದ್ದರೆ ಏನು ಮಾಡೋದು?

ಉತ್ತರ: ಗೊತ್ತಿಲ್ಲ ಅನ್ನೋದು. ಸ್ಪರ್ಧೆಯಲ್ಲಿ ಅದಕ್ಕೊಂದು ಮರ್ಯಾದೆಯ ರೀತಿ ಇದೆ: ಆ ತೀರ್ಪು ನನ್ನ ಗಮನಕ್ಕೆ ಬಂದಿಲ್ಲ, ಆದರೆ ತತ್ವದ ಮೇಲೆ ಇಷ್ಟು ಹೇಳಬಲ್ಲೆ ಅಂತ. ಇಲ್ಲದ ತೀರ್ಪನ್ನು ಹುಟ್ಟಿಸಿ ಹೇಳಿದರೆ ಆಮೇಲೆ ನಿಮ್ಮ ನಿಜವನ್ನೂ ನಂಬುವುದಿಲ್ಲ.

ಒಬ್ಬ ಅಧ್ಯಾಪಕಿ: ಅಲ್ಲಮನ ಹೋಲಿಕೆ ಚೆನ್ನಾಗಿದೆ. ಆದರೆ ಅಲ್ಲಿ ಒಬ್ಬ ಹೆಣ್ಣನ್ನು ನಿಲ್ಲಿಸಿ ಅವಳ ಮೈಯ ಬಗ್ಗೆ, ಗಂಡನ ಬಗ್ಗೆ ಕೇಳಲಾಗುತ್ತಿದೆ. ಬೇರೆ ಶರಣರಿಗೆ ಆ ಪ್ರಶ್ನೆ ಇರಲಿಲ್ಲ. ಅದನ್ನು ನೀವು ಸ್ವಲ್ಪ ಹಗುರ ಮಾಡಲಿಲ್ಲವೇ?

ಉತ್ತರ: ಹೌದು ಮೇಡಂ, ಮಾಡಿದೆ. ಅದನ್ನು ಒಪ್ತೀನಿ. ಪ್ರಶ್ನೆಯ ಉದ್ದೇಶ ಒಳ್ಳೆಯದಿದ್ದರೂ ಕೇಳುವವರು ಎತ್ತರ ಕುರ್ಚಿಯಲ್ಲಿ, ಉತ್ತರಿಸುವವರು ಕೆಳಗೆ ನಿಂತಿರುತ್ತಾರೆ. ಯಾರಿಗೆ ಯಾವ ಪ್ರಶ್ನೆ ಬರುತ್ತೆ ಅನ್ನುವುದೂ ಸಮ ಇರಲ್ಲ. ನಾನು ನೋಡಿದ ಒಂದು ಸುತ್ತಿನಲ್ಲಿ ಒಬ್ಬ ಹುಡುಗಿಗೆ ಮಾತ್ರ "ಜೋರಾಗಿ ಮಾತಾಡಮ್ಮ" ಅಂದರು. ಅವಳಷ್ಟೇ ಮೆತ್ತಗೆ ಮಾತಾಡಿದ ಹುಡುಗನಿಗೆ ಹೇಳಲಿಲ್ಲ. ಹಾಗಾಗಿ ನನ್ನ ಮಾತನ್ನು ಇಷ್ಟಕ್ಕೆ ಸೀಮಿತ ಮಾಡ್ಕೋತೀನಿ: ಎಲ್ಲ ಪ್ರಶ್ನೆಯೂ ಒಳ್ಳೆಯ ಮನಸ್ಸಿನದು ಅಂತ ಅಲ್ಲ. ಆದರೆ ಪ್ರಶ್ನೆ ಬಂದ ಕೂಡಲೇ ಗುರಾಣಿ ಎತ್ತುವ ಬದಲು, ಇವರಿಗೆ ಏನು ತಿಳಿಯಲಿಲ್ಲ ಅಂತ ಒಂದು ಸಲ ನೋಡಬೇಕು. ಅಷ್ಟು ನೋಡಿದ ಮೇಲೂ ಅದು ಸವಾಲೇ ಆಗಿದ್ದರೆ, ಜವಾಬು ಕೊಡೋಣ. ನಾಗೇಶಿಯವರ ಊರಿನವರು ನಾವು.

ಮಳೆ ಜೋರಾಗ್ತಾ ಇದೆ, ನೆಟ್‌ವರ್ಕ್ ಹೋಗೋ ಮೊದಲು ಮುಗಿಸ್ತೀನಿ.